ತಡೆದಿಟ್ಟ ಕೆಮ್ಮು

“ಮಗುವಿಗೆ ಕೆಮ್ಮು ಉಂಟಾ?” ಎಂದು ನಾನು ಕೇಳಿದೊಡನೆ ತಾಯಿ, “ಇಲ್ಲ ಸರ್” ಎಂದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

ನೆರಿಯ ಎಂಬ ಊರಿನ ಕಡೆ ಮನೆಗಳಿಗೆ ನುಗ್ಗಿದ ಹೊಳೆನೀರು ಇಳಿದ ಮೇಲೆ, ಮಕ್ಕಳ ಆರೋಗ್ಯದ ಅಧ್ಯಯನಕ್ಕೆ ಊರಿನವರ ಜೊತೆ ಹೋಗಿದ್ದೆವು. ಅಲ್ಲಿಯವರೇ ಆದ ಶಾರದಕ್ಕ ತುಳುವಿನಲ್ಲಿ ಕೇಳಬೇಕು, ನಾನು ಸುಮ್ಮನಿರಬೇಕು ಎಂದು ಮೊದಲೇ ಮಾತಾಗಿತ್ತು. ನೆರೆಹೊರೆಯವರೇ ಕೇಳಿ ತರುವ ಉತ್ತರಗಳಲ್ಲಿ ನನಗೆ ನಂಬಿಕೆಯಿರಲಿಲ್ಲ. ಹಾಗಾಗಿ ಅಂದು ನಾನೇ ಕನ್ನಡದಲ್ಲಿ ಕೇಳಿದ್ದೆ.

ಅಂಗಳ ದಾಟಿದೆವೋ ಇಲ್ಲವೋ, ಹಿಂದಿನಿಂದ ಬಿಡದೆ ಕೆಮ್ಮು ಕೇಳಿಸಿತು.

“ನಿಮ್ಮ ಕನ್ನಡ ಕೇಳಿ ಸರ್ಕಾರಿ ಆಫೀಸಿನವರು ಅಂತ ಹೆದರಿದ್ದು ಮಾರಾಯ್ರೆ,” ಎಂದರು ಶಾರದಕ್ಕ. “ಗೋಡೆ ಒಣಗಲೇ ಇಲ್ಲ, ಇನ್ನೂ ಚಂಡಿ ಉಂಟು. ಅದರಿಂದ ಮಗುವಿಗೆ ಕೆಮ್ಮು ಅಂತ ಗೊತ್ತಾದರೆ ಮನೆ ಬಿಡಿಸ್ತಾರೆ ಅಂತ ತಾಯಿಗೆ ಹೆದರಿಕೆ. ನೀವು ಇಲ್ಲೇ ನಿಲ್ಲಿ, ನಾನು ಮಾತಾಡ್ತೇನೆ.”

ಅವರು ಜಗಲಿ ಹತ್ತಿದ ಕೂಡಲೇ ಕೆಮ್ಮು ನಿಂತಿತು. ನನ್ನ ಜೊತೆ ಬಂದಿದ್ದ ಅವರನ್ನು ಕಂಡೂ ಹುಡುಗಿ ಮತ್ತೆ ಬಾಯಿ ಮುಚ್ಚಿಕೊಂಡಿರಬೇಕು.

ಆ ಹುಡುಗಿಯ ಹೆಸರು ನೆನಪಿಲ್ಲ. ಮುಖ ನಿಜಕ್ಕೂ ಅಷ್ಟು ಕೆಂಪಾಗಿತ್ತೇ ಎಂದೂ ಈಗ ಸಂಶಯ. ಆದರೆ ನಾನು ಮಾತಾಡುವಾಗ ಯಾವ ಮಗುವಾದರೂ ಅಲುಗಾಡದೆ ನಿಂತಿದ್ದರೆ, ಉಸಿರಾಡುತ್ತಿದೆಯೇ ಎಂದು ನೋಡುತ್ತೇನೆ.