ಉಪ್ಪು ಬಿಟ್ಟ ಅತ್ತೆ

ಮಳೆ ಹಿಡಿದರೆ ಭರಣಿಯ ಕಲ್ಲುಪ್ಪು ನೀರೊಡೆಯುತ್ತದೆ. ಈ ಬೆಳಿಗ್ಗೆ ಕೈಗಂಟಿದ ಉಪ್ಪನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಗೊಣಗಿದೆ. ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರು. ನನಗೆ ಸಪ್ಪೆ ಸಾರು ಕಂಡರೆ ಸಿಟ್ಟು. ಆಗ ನೆನಪಾದರು, ನಮ್ಮತ್ತೆ.

ತೊಂಬತ್ತರ ದಶಕದ ಮಾತು, ನಾವಾಗ ಅಂತರಸಂತೆಯಲ್ಲಿದ್ದೆವು. ನನಗೆ ಎರಡು ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ಏಳು ತಿಂಗಳು ತುಂಬಿತ್ತು. "ಕೂಸು ತೊಟ್ಲಿಗೆ ಬೀಳೋಗಂಟ ಉಪ್ಪು ಮುಟ್ಟಾಕಿಲ್ಲ" ಎಂದು ಅತ್ತೆ ಹರಕೆ ಹೊತ್ತರು. ಕಡುಬೇಸಿಗೆ. ಹೊಲದಲ್ಲಿ ಬೆವರು ಸುರಿಸುವುದು, ಮುದ್ದೆಗೆ ಸಪ್ಪೆ ಸಾರು, ಮೇಲೆ ಚೆಂಬುಗಟ್ಟಲೆ ನೀರು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕುಸಿದರು. ಎಬ್ಬಿಸಹೋದ ನನ್ನನ್ನೇ "ಯಾರವ್ವಾ ನೀನು?" ಎಂದು ಕೇಳಿದರು.

ಜೀಪಿನಲ್ಲಿ ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಮಾರನೆಯ ದಿನ ತಿಳಿವು ಬಂತು, ಜೊತೆಗೇ ಕೈಗೆ ಏರಿಸಿದ್ದ ಡ್ರಿಪ್ ನೋಡಿ ಅನುಮಾನವೂ.

"ಬಾಟ್ಲೀಲಿ ಏನೈತೆ?"

"ಉಪ್ಪು ನೀರು ಅಜ್ಜಿ" ಎಂದರು ಡಾಕ್ಟರಮ್ಮ.

ಅತ್ತೆ ಸೂಜಿಗೇ ಕೈಹಾಕಿದರು. "ಅಯ್ಯೋ, ಹರಕೆ ಕೆಡಿಸ್ಬುಟ್ರಲ್ಲಾ! ಕೂಸಿಗೇನಾರಾ ಆದ್ರೆ?"

ನಾನೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ನಾನೂ ದೇವರಿಗೆ ಅಂಜುವವಳೇ. ಡಾಕ್ಟರಮ್ಮ ಅತ್ತೆಯ ಕೈ ಹಿಡಿದು ಮಂಚದ ಮೇಲೇ ಕೂತರು.

"ಕಾಲುವೆ ನೀರು ತಗ್ಗಿನ ಗದ್ದೆಗೆ ತಾನೇ ಇಳೀತದೆ. ದಿಬ್ಬದ ಹೊಲಕ್ಕೆ?"

"ಪಂಪ್‌ಸೆಟ್ ಮಡಗ್ಬೇಕು."

"ಮೈಯ ಒಂದೊಂದು ಜೀವಕಣದ ಗೋಡೆಯಲ್ಲೂ ಅಂಥ ಪಂಪುಗಳಿವೆ ಅಜ್ಜಿ. ಉಪ್ಪಿನಲ್ಲಿರೋ ಸೋಡಿಯಂ ಕಣದ ಹೊರಗೇ ಜಾಸ್ತಿ, ಸುಮ್ಮನಿದ್ರೆ ಒಳಕ್ಕೆ ನುಗ್ತದೆ. ಪಂಪು ಅದರ ಮೂರನ್ನ ಆಚೆಗೆ ತಳ್ಳಿ, ಎಳನೀರಲ್ಲಿ ಸಿಗೋ ಪೊಟ್ಯಾಸಿಯಂ ಎರಡನ್ನ ಒಳಗೆ ಎಳ್ಕೊಳ್ತದೆ. ನೀವು ಉಂಡಿದ್ದೇ ಅದಕ್ಕೆ ಕರೆಂಟು. ನಿದ್ದೆಯಲ್ಲೂ ನಿಲ್ಲಲ್ಲ. ನರ ಮಿಡಿಯೋದು, ಎದೆ ಬಡಿಯೋದು ಎಲ್ಲ ಅದರ ಆಸರೆಯಿಂದ. ಹೊರಗೆ ಸೋಡಿಯಂ ತೀರಾ ಕಮ್ಮಿಯಾದ್ರೆ ನೀರು ಒಳನುಗ್ಗಿ ಕಣ ಊದ್ಕೊಳ್ತದೆ. ನಿಮಗೆ ತಿಳಿವು ತಪ್ಪಿದ್ದು ಹಂಗೇ."

ಸ್ಕೂಲಿನಲ್ಲಿ ಸೋಡಿಯಂ ಎಂದರೆ ಸೋಡಾ ಅಂಗಡಿಯ ಮಾಲು ಎಂದುಕೊಂಡಿದ್ದ ನಾನು ಬಾಯಿಬಿಟ್ಟು ಕೇಳಿದೆ. ಅತ್ತೆ ನನ್ನ ಹೊಟ್ಟೆ ನೋಡಿದರು.

"ಒಳಗಿರೋ ಕೂಸಿಗೂ ಐತಾ ಪಂಪು?"

"ಇದೆ ಅಜ್ಜಿ. ಈಗಲೂ ಓಡ್ತಿದೆ."

ಅತ್ತೆ ಸೂಜಿ ಬಿಟ್ಟು ಕೈಮುಗಿದರು. "ನಾನು ಕೇಳೋಕ್ ಮುಂಚೇನೇ ಭಗವಂತ ಕಾಯ್ತಾವ್ನೆ. ಅವ್ನೇ ಮಡಗಿದ್ ಉಪ್ಪ ನಾನ್ಯಾಕೆ ಬುಡ್ಲಿ? ಎಲೆ ಅಡಿಕೆ ಬುಡ್ತೀನಿ." ಮತ್ತೆ, ಸ್ವಲ್ಪ ಆಸೆಯಿಂದಲೇ, "ಅದಕ್ಕೂ ಪಂಪೈತೇನವ್ವಾ?"

ಇಲ್ಲ ಎಂದಾಗ ಪಾಪ, ಮುಖ ಬಾಡಿತು.

ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಮೊದಲ ಎಲೆ ಮಡಿಸಿದವರು ಅವರೇ.

ನಾನು ಬೇಡಿಕೊಂಡ ದಯೆಗಳನ್ನು ದಿನವೂ ನೆನೆಯುತ್ತೇನೆ. ಬೇಡದೆಯೇ ಒಳಗೆ ಓಡುತ್ತಿರುವುದನ್ನು ಮರೆತೇಬಿಟ್ಟಿದ್ದೆ ನೋಡಿ. ಡಾಕ್ಟರು ಕಡಿಮೆ ಮಾಡಿ ಅಂದಿದ್ದಾರೆ, ಬಿಡಿ ಅಂದಿಲ್ಲವಲ್ಲ. ಚಿಟಿಕೆ ಉಪ್ಪನ್ನು ಕಣ್ಣಿಗೊತ್ತಿಕೊಂಡರೆ ಉರಿದೀತೆಂದು ಎದೆಗೊತ್ತಿಕೊಂಡು ಸಾರಿಗೆ ಹಾಕಿದೆ. ಅಷ್ಟಕ್ಕೇ ರುಚಿ ಬಂತು.