ಅಧ್ಯಕ್ಷರಿಗೆ ಉತ್ತರ ಕೊಟ್ಟವರು

ನಮ್ಮ ಹ್ಯಾಮ್ ರೇಡಿಯೊ ಕ್ಲಬ್ಬಿನ ಅಧ್ಯಕ್ಷರಿಗೆ ರೇಡಿಯೊ ಬರುತ್ತಿರಲಿಲ್ಲ. ಲೈಸೆನ್ಸ್ ಇತ್ತು, ಜಪಾನಿನಿಂದ ತರಿಸಿದ ಸೆಟ್ಟುಗಳಿದ್ದವು, ಎದೆಯ ಮೇಲೆ ತಮ್ಮ ಕರೆಹೆಸರು ಕಸೂತಿ ಮಾಡಿಸಿಕೊಂಡ ಕೆಂಪು ಜಾಕೀಟಿತ್ತು. ಆದರೆ ಮಾತಾಡಲು ಒಮ್ಮೆ ಒತ್ತಿದ ಗುಂಡಿಯಿಂದ ಬೆರಳು ತೆಗೆದು ಎದುರಿನವರ ಮಾತು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ಅವರು ಗಡಿಯ ಕನ್ನಡ ಹಳ್ಳಿ ಸಲಗರೆಯ ಕಡೆಯವರು. ಮರಾಠಿ ಸೀಮೆಯ ನಮ್ಮ ಸಾಂಗಲಿ ಬೆಳೆಯತೊಡಗಿದ ಕಾಲಕ್ಕೆ ಸರಿಯಾಗಿ ಊರಿಗೆ ಬಂದರು. ಮಳೆನೀರು ಹರಿಯುವ ನಾಲಾದ ತಗ್ಗಿಗೆ ಮುರುಮು ಮಣ್ಣು ತುಂಬಿಸಿ ಪ್ಲಾಟು ಮಾಡಿ ಮಾರಿದರು, ಮೊಬೈಲು ಬಂದಾಗ ಎಲ್ಲರಿಗಿಂತ ಮೊದಲು ಅದರ ಅಂಗಡಿ ತೆರೆದರು. ಮನೆಯಲ್ಲಿ ಅವರ ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಇವರು ಮಾತ್ರ ತಮಗೆ ಕನ್ನಡ ತಿಳಿಯುವುದೇ ಇಲ್ಲವೆಂದು ಸಭೆಯಲ್ಲೇ ಹೇಳುತ್ತಿದ್ದರು. ಕ್ಲಬ್ಬಿಗೆ ತಮ್ಮ ಕಟ್ಟಡದಲ್ಲಿ ಒಂದು ಖೋಲಿ ಕೊಟ್ಟರು ಎಂಬ ಒಂದೇ ಕಾರಣಕ್ಕೆ ಅಧ್ಯಕ್ಷರಾದರು. ಕಿಸೆಯಲ್ಲಿ ಫೋನಿರುವಾಗ ರೇಡಿಯೊ ಬರೀ ಷೋಕಿ ಎಂದು ಅದೇ ಖೋಲಿಯಲ್ಲಿ ಕುಳಿತು ಭಾಷಣ ಮಾಡಿದರು. ಕೆಲವರು ಅದನ್ನು ನಂಬಿ ಸೆಟ್ಟು ಮಾರಿಯೂಬಿಟ್ಟರು.

ನಾನು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಅರಿಸಿನ ವ್ಯಾಪಾರದ ಜೈನ ಮನೆತನದ ಸೊಸೆ. ಮೋರ್ಸ್ ಕಲಿತು, ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದವಳು. ಕ್ಲಬ್ಬಿನಲ್ಲಿ ನನಗೆ ಒಪ್ಪಿಸಿದ ಖಾತೆ ಚಹಾದ್ದು. ನನಗೆ ಮೋರ್ಸ್ ಕಲಿಸಿದ್ದು ಮಿರಜಿನ ರೈಲ್ವೆಯಲ್ಲಿ ತಾರು ಕಳಿಸುವ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು. ಎಲ್ಲರಿಗೂ ಅವರು ಕಾಕಾ. ಅವರೊಬ್ಬರೇ ನಾನು ಕೊಟ್ಟ ಕಪ್ಪನ್ನು ತಾವೇ ತೊಳೆದಿಡುತ್ತಿದ್ದರು.

ಕೃಷ್ಣೆ ಏರಿದ ಆ ಮಳೆಗಾಲದಲ್ಲಿ ನಾನು ಹರಿಪುರದ ತವರುಮನೆಯಲ್ಲಿದ್ದೆ. ಎರಡು ನದಿ ಕೂಡುವ ಊರು. ನೀರು ಎರಡೂ ಕಡೆಯಿಂದ ಬಂತು. ಊರ ಮಂದಿಯೆಲ್ಲ ಶಾಲೆಯ ಮಾಳಿಗೆ ಹತ್ತಿದೆವು. ಕರೆಂಟು ಹೋಯಿತು, ಅದರ ಹಿಂದೆ ಅಧ್ಯಕ್ಷರು ಮಾರಿದ ಫೋನುಗಳೆಲ್ಲ ಸತ್ತವು. ನನ್ನ ಚೀಲದಲ್ಲಿ ಕೈಸೆಟ್ಟು ಇತ್ತು. ಅದರಿಂದ ಮಿರಜಿನ ಪರಿಹಾರ ಕೇಂದ್ರ ಸಿಕ್ಕಿತು. ಅಲ್ಲಿ ನಮ್ಮ ಕ್ಲಬ್ಬಿನ ದಂತವೈದ್ಯರೊಬ್ಬರು, ಅಥಣಿ ಕಡೆಯವರು, ದೋಣಿ ಕಳಿಸುವ ಅಧಿಕಾರಿಗಳ ಪಕ್ಕದಲ್ಲೇ ಸೆಟ್ಟು ಇಟ್ಟುಕೊಂಡು ಕೂತಿದ್ದರು. ಎಲ್ಲಿ ಹಿಟ್ಟಿಲ್ಲ, ಎಲ್ಲಿ ಔಷಧ ಬೇಕು ಎಂದು ನಾನೂ ಬೇರೆ ಹಳ್ಳಿಗಳಲ್ಲಿ ಸೆಟ್ಟು ಹಿಡಿದಿದ್ದ ನಮ್ಮ ಕ್ಲಬ್ಬಿನವರೂ ಹೇಳುವುದು, ಅವರು ಅಧಿಕಾರಿಗಳಿಗೆ ತಿಳಿಸುವುದು. ಹೀಗೆ ನಡೆದಿತ್ತು.

ಮರುದಿನ ಮುಂಜಾನೆ ಅಧ್ಯಕ್ಷರು ಅದೇ ತರಂಗದ ಮೇಲೆ ಬಂದರು. ತಮ್ಮ ನಾಲ್ಕು ಮಾಳಿಗೆಯ ಕಟ್ಟಡದ ತುದಿಯ ಗಚ್ಚಿಯಲ್ಲಿ ದೊಡ್ಡ ಸೆಟ್ಟು ಹೂಡಿದ್ದರು. ಕೆಳಗಿನ ಅಂಗಡಿಯಲ್ಲಿ ಎದೆಮಟ್ಟ ನೀರು, ಮೇಲೆ ಪೇಪರಿನವರು. ರೇಡಿಯೊದಲ್ಲಿ ಒಂದು ತರಂಗದ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬೇಕು. ಒಬ್ಬ ಬೆರಳು ಎತ್ತದಿದ್ದರೆ ಉಳಿದವರ ಬಾಯಿ ಕಟ್ಟಿದಂತೆ. ಅವರು ಎತ್ತಲಿಲ್ಲ. ಇನ್ನು ಮೇಲೆ ಎಲ್ಲ ಸಂದೇಶ ತಮ್ಮ ಮುಖಾಂತರವೇ ಹೋಗಬೇಕು ಎಂದರು. ತಮ್ಮ ಆಂಟೆನಾದ ಎತ್ತರ ಹೇಳಿದರು. ಪೇಪರಿನವನೊಬ್ಬ ಏನೋ ಕೇಳಿದ್ದಕ್ಕೆ ಸಮಾಜಸೇವೆಯ ಮೇಲೆ ಮಾತಾಡಿದರು, ನಡುನಡುವೆ ಇಂಗ್ಲಿಷಿನಲ್ಲಿ.

ಅದೇ ಹೊತ್ತಿಗೆ ಶಾಲೆಯ ಮೂಲೆಯ ಕೋಣೆಯಲ್ಲಿ ದಿನ ತುಂಬಿದ ಒಬ್ಬಳು ಹೆರಿಗೆಯ ಬ್ಯಾನಿ ತಿನ್ನುತ್ತಿದ್ದಳು. ಊರ ನರ್ಸು ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ನಿಂತಿದೆ, ಮಿರಜಿನ ದವಾಖಾನೆ ಆಗಲೇಬೇಕು ಎಂದಳು. ನಾನು ಸೆಟ್ಟು ಹಿಡಿದು ಕಾದೆ. ಅಧ್ಯಕ್ಷರು ಉಸಿರೆಳೆದುಕೊಂಡ ಸಂದಿನಲ್ಲಿ ನುಗ್ಗಿ, ಹರಿಪುರಕ್ಕೆ ದೋಣಿ ಬೇಕು, ಹೆರಿಗೆಯ ತೊಂದರೆ ಎಂದೆ. ದೋಣಿ ಎಲ್ಲಿಗೆ ಬರಬೇಕು ಎನ್ನುವುದರೊಳಗೆ ಅಧ್ಯಕ್ಷರು ಮತ್ತೆ ಗುಂಡಿ ಒತ್ತಿದರು. ಶಿಸ್ತು ಪಾಲಿಸಬೇಕು, ಮೊದಲು ತಮ್ಮ ಪರವಾನಗಿ ಕೇಳಬೇಕು ಎಂದು ಅವರು ನನಗೆ ಮರಾಠಿಯಲ್ಲಿ ಬುದ್ಧಿ ಹೇಳಿದರು. ಬುದ್ಧಿ ಮುಗಿದ ಮೇಲೆ ಮತ್ತೆ ಸಮಾಜಸೇವೆ. ಮನುಷ್ಯನ ಮೇಲೆ ಅಷ್ಟು ಹೇಸಿಗೆ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ.

ಇನ್ನೊಂದು ಸಂದು ಸಿಕ್ಕಾಗ ಬಂದದ್ದು ಕಾಕಾನ ದನಿ. ಮಿರಜಿನ ಮನೆಯಿಂದ, ಅಚ್ಚ ಕನ್ನಡದಲ್ಲಿ.

"ತಂಗಿ, ಡಾಕ್ಟರ, ಇಬ್ರೂ ಐದ್ ಮನಿ ಮ್ಯಾಲ ಹೋಗ್ರಿ. ನಾ ಇಲ್ಲೇ ಇರ್ತೇನಿ."

ಐದು ಮನೆ ಮೇಲೆ ಎಂದರೆ ತಿರುಗುಗುಂಡಿಯನ್ನು ಐದು ಮೆಟ್ಟಿಲು ಮೇಲಕ್ಕೆ ತಿರುಗಿಸಿ ಬೇರೆ ತರಂಗಕ್ಕೆ ಹೋಗಿ ಎಂದು. ಯಾರು ಏನಂದದ್ದು ಎಂದು ಅಧ್ಯಕ್ಷರು ಕೇಳಲಿಲ್ಲ. ತಿಳಿಯದು ಎಂದು ತಾವೇ ಸಾರಿದ ಭಾಷೆ ನೋಡಿ. ನಾನು ತಿರುಗಿಸುವಾಗ ಕಾಕಾ ಅವರಿಗೆ ಮರಾಠಿಯಲ್ಲಿ, ನಿಮ್ಮ ದನಿ ಬಹಳ ಸ್ವಚ್ಛ ಕೇಳುತ್ತಿದೆ, ಮುಂದುವರಿಸಿ ಎನ್ನುತ್ತಿದ್ದರು.

ಮೇಲಿನ ತರಂಗದಲ್ಲಿ ಹಲ್ಲಿನ ಡಾಕ್ಟರು ಆಗಲೇ ಕಾದಿದ್ದರು. ದೋಣಿ ಎಲ್ಲಿಗೆ ಬರಬೇಕು, ಯಾವ ಗೋಡೆಗೆ ಹಗ್ಗ ಕಟ್ಟಬೇಕು ಎಂದು ಹೇಳಿದೆ. ಮಧ್ಯಾಹ್ನದೊಳಗೆ ದೋಣಿ ಬಂತು. ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಇಳಿಸಿದೆವು, ಅವಳ ಅತ್ತೆ ಜೊತೆಗೆ ಹತ್ತಿದಳು. ಉಳಿದ ಹಳ್ಳಿಗಳ ನಮ್ಮವರನ್ನೂ ಡಾಕ್ಟರು ಒಬ್ಬೊಬ್ಬರನ್ನೇ ಮೇಲಕ್ಕೆ ಕರೆದುಕೊಂಡರು. ನಡುವೆ ಒಮ್ಮೆ ನಾನು ಕೆಳಗಿನ ತರಂಗಕ್ಕೆ ಹೋಗಿ ಕೇಳಿದೆ. ಅಲ್ಲಿ ಇಬ್ಬರೇ ಇದ್ದರು. ಅಧ್ಯಕ್ಷರು ಆದೇಶ ಕೊಡುತ್ತಿದ್ದರು, ಕಾಕಾ ಪ್ರತಿಯೊಂದಕ್ಕೂ ಮರಾಠಿಯಲ್ಲಿ "ತಿಳೀತು, ಸಾಹೇಬರ" ಎನ್ನುತ್ತಿದ್ದರು. ನೀರು ಇಳಿಯುವವರೆಗೂ ಆ ಮನುಷ್ಯ ಇಡೀ ಜಿಲ್ಲೆಯನ್ನು ಕಾಕಾನ ಒಂದು ಕಿವಿಯೊಳಗೇ ಆಳಿದ.

ಸತ್ಕಾರ ಆಯಿತು, ಆಗದೆ ಬಿಟ್ಟೀತೇ. ಅಧ್ಯಕ್ಷರಿಗೆ ಶಾಲು, ತೆಂಗಿನಕಾಯಿ, ಪೇಟ. ನೆರೆಯಲ್ಲಿ ಅವರು ಹಗಲಿರುಳು ಸಂಪರ್ಕ ನಡೆಸಿದರು ಎಂದು ನಾಲಾದ ಮೇಲೆ ಮನೆ ಕಟ್ಟಿ ಮುಳುಗಿದವರೇ ಚಪ್ಪಾಳೆ ಹೊಡೆದರು. ಯಾರ ಮುರುಮಿನ ಮೇಲೆ ತಮ್ಮ ಮನೆ ನಿಂತಿತ್ತು ಎಂದು ಒಬ್ಬನಿಗೂ ನೆನಪಾಗಲಿಲ್ಲ. ಕಾಕಾ ಕೂಡ ಚಪ್ಪಾಳೆ ಹೊಡೆದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ, ಅಷ್ಟು ಹೊತ್ತು ಅವನ ಮಾತು ಹೆಂಗ ಕೇಳಿದ್ರಿ ಎಂದು ಕೇಳಿದೆ.

"ಕೇಳಿದೆ ಅಂತ ಯಾರಂದ್ರು?" ಎಂದರು ಕಾಕಾ. "ಸಾಹೇಬರ ಮಾತಿಗೆ ಹೂಂ ಅನ್ನೂದು ನಮ್ಮ ನೌಕರಿನ ಆಗಿತ್ತವ್ವಾ. ಅವತ್ತು ಒಂದೀಟು ಹೆಚ್ಚಿಗಿ ಅಂದೆ."

ಅವರಿಗೆ ಸಿಟ್ಟೇ ಇರಲಿಲ್ಲ. ನನಗಿತ್ತು, ಈಗಲೂ ಇದೆ. ಆ ಖೋಲಿಗೆ ನಾನು ಮತ್ತೆ ಹೋಗಲಿಲ್ಲ. ಅಧ್ಯಕ್ಷರನ್ನು ಅವಿರೋಧವಾಗಿ ಮತ್ತೆ ಆರಿಸಿದರು ಎಂದು ಕೇಳಿದೆ.

ದಸರೆಯ ಹೊತ್ತಿಗೆ ತವರಿಗೆ ಹೋದಾಗ ಕೂಸನ್ನು ನೋಡಿ ಬರೋಣವೆಂದು ಆ ಮನೆಗೆ ಹೋದೆ. ಹೆಣ್ಣು ಕೂಸು, ಕುಂಚಿಗೆ ಕಟ್ಟಿಕೊಂಡು ಮಲಗಿತ್ತು. ತಾಯಿ ನಕ್ಕಳು. ಅತ್ತೆ ನನ್ನ ಗುರುತು ಹಿಡಿದು ಕುಂದ್ರಿ ಎಂದಳು, ಚಹಾಕ್ಕಿಟ್ಟಳು. ದೋಣಿಯವರನ್ನು ಬಾಯಿತುಂಬ ಹೊಗಳಿದಳು, ದೇವರು ಕಳಿಸಿದಂತೆ ಬಂದರು ಎಂದಳು. ಆಮೇಲೆ ಕಪ್ಪಿನಿಂದ ಬಸಿಗೆ ಚಹಾ ಸುರಿಯುತ್ತ ನನ್ನ ಕಡೆ ನೋಡಿದಳು.

"ನೀವೂ ಅಲ್ಲೇ ಇದ್ರಲ್ರಿ. ನಾವು ಹೆಣ್ಮಕ್ಕಳು ಸಾಯಾಕತ್ತೀವಿ, ನೀವು ಆ ಡಬ್ಬಿ ಹಿಡ್ಕೊಂಡು ಯಾರ ಜೋಡಿನೋ ಹರಟಿ ಹೊಡಕೋತ ನಿಂತಿದ್ರಿ."