ಕೈಗುಣಕ್ಕೆ ಕಾದ ಅಂಗಡಿ

ಸಣ್ಣ ವ್ಯಾಪಾರ ಶುರು ಮಾಡಬೇಕೆಂದಿರುವವರು ಈಗಲೂ ಒಮ್ಮೊಮ್ಮೆ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಬಸವನಗುಡಿಯಲ್ಲಿ ಇಷ್ಟು ವರ್ಷ ಸ್ಟೇಷನರಿ ಅಂಗಡಿ ನಡೆಸಿದವನಿಗೆ ಏನೋ ಗುಟ್ಟು ಗೊತ್ತಿರಬೇಕು ಎಂಬುದು ಅವರ ಭಾವನೆ. ನಾನೂ ಕನ್ನಡಕ ಸರಿಮಾಡಿಕೊಂಡು, ಜಾಗ ನೋಡಿ ಹಿಡಿಯಿರಿ, ಸಗಟು ಸಾಮಾನಿಗೆ ಒಂದೇ ಅಂಗಡಿಯನ್ನು ನೆಚ್ಚಬೇಡಿ, ಬೆಳಿಗ್ಗೆ ಬೇಗ ಬಾಗಿಲು ತೆಗೆಯಿರಿ ಎಂದೆಲ್ಲ ಗಂಭೀರವಾಗಿ ಹೇಳುತ್ತೇನೆ. ಹೇಳದೆ ಉಳಿಸಿಕೊಳ್ಳುವುದು ಒಂದೇ ಒಂದು ಮಾತು: ಬಾಗಿಲು ತೆಗೆದ ಮೇಲೆ ಬಂದವರಿಗೆ ಸಾಮಾನು ಕೊಡಬೇಕು. ಇದನ್ನೂ ಯಾರಾದರೂ ಹೇಳಿಕೊಡಬೇಕೇ ಎಂದು ನೀವು ನಗಬಹುದು. ನನಗೆ ಹೇಳಿಕೊಡಬೇಕಾಯಿತು.

ಇದು ತೊಂಬತ್ತರ ದಶಕದ ಮಾತು. ಅಂಗಡಿಗೆ ಮುಂಚೆ ನಾನು ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಲೋಲಕ ತೂಗುವುದನ್ನು ಕಲಿಸುತ್ತಿದ್ದೆ. ವಿಜ್ಞಾನ ಓದಿದವನೆಂಬ ಜಂಬ ಎಷ್ಟಿತ್ತೆಂದರೆ, ಅಂಗಡಿಯ ಶಟರನ್ನು ಬೇಕೆಂದೇ ರಾಹುಕಾಲದಲ್ಲಿ ಎತ್ತಿದೆ. ಬಂದ ನೆಂಟರು ರಾಹುಕಾಲ ಕಳೆಯುವವರೆಗೂ ಒಳಗೆ ಕಾಲಿಡದೆ ಫುಟ್‌ಪಾತಿನ ಮೇಲೆಯೇ ನಿಂತಿದ್ದರು. ಅವರಲ್ಲಿ ನನ್ನ ಷಡ್ಡಕರೂ ಒಬ್ಬರು. ನನ್ನ ಹೆಂಡತಿ ವಿಮಲಳ ಅಕ್ಕನ ಗಂಡ ಅವರು. ಪೀಣ್ಯದಲ್ಲಿ ನಟ್ಟು ಬೋಲ್ಟಿನ ಕಾರ್ಖಾನೆ ಇಟ್ಟುಕೊಂಡಿದ್ದರು. ಕೇಸರಿಭಾತು ತಿಂದು ಕೈ ಒರೆಸಿಕೊಳ್ಳುತ್ತ, "ಈ ವರ್ಷ ನೋಡಿ. ನಡೀಲಿಲ್ಲ ಅಂದ್ರೆ ಸಂಕೋಚ ಮಾಡ್ಕೋಬೇಡಿ, ನಮ್ಮಲ್ಲಿಗೆ ಬಂದ್ಬಿಡಿ. ನನ್ನ ಟೇಬಲ್ ಪಕ್ಕದಲ್ಲಿ ಒಂದು ಸ್ಟೂಲ್ ಯಾವಾಗ್ಲೂ ಖಾಲಿ ಇರತ್ತೆ" ಎಂದರು.

ಕುರ್ಚಿ ಎಂದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಸ್ಟೂಲು! ಷಡ್ಡಕರ ಪಕ್ಕದ ಸ್ಟೂಲಿನ ಮೇಲೆ ಕೂತು, ಅವರ ಟೆಲಿಫೋನು ಎತ್ತಿ ಕೊಡುತ್ತ, ಹಬ್ಬಕ್ಕೆ ಅತ್ತೆ ಮನೆಗೆ ಹೋದಾಗ ಅವರ ನಂತರ ಎಲೆ ಹಾಕಿಸಿಕೊಳ್ಳುವ ನನ್ನ ಮುಂದಿನ ಜೀವನ ಕಣ್ಣೆದುರು ಬಂದು ನಿಂತಿತು. ನನಗೆ ನಿಜವಾಗಿ ಭಯವಾಯಿತು.

ಮೊದಮೊದಲು ನೊಣ ಹೊಡೆಯುವುದಕ್ಕೂ ನೊಣವಿರಲಿಲ್ಲ. ಬಳೇಪೇಟೆಯಿಂದ ಹೊತ್ತು ತಂದ ನೋಟ್‌ಪುಸ್ತಕದ ಕಟ್ಟುಗಳು ಕಟ್ಟಿದ ದಾರವನ್ನೂ ಬಿಚ್ಚಿಸಿಕೊಳ್ಳದೆ ಕೂತಿದ್ದವು. ಹೀಗಿರುವಾಗ ಒಂದು ಬೆಳಿಗ್ಗೆ, ಪಕ್ಕದ ರಸ್ತೆಯ ನಿವೃತ್ತ ಹೆಡ್‌ಮಾಸ್ತರು ಅನಂತರಾಮಯ್ಯನವರು ಮಫ್ಲರ್ ಸುತ್ತಿಕೊಂಡು ವಾಕಿಂಗಿನಿಂದ ವಾಪಸು ಬರುತ್ತ ನನ್ನಲ್ಲಿ ಒಂದು ಪೆನ್ಸಿಲು ಕೊಂಡರು. ಅವತ್ತಿನ ಬೋಣಿ ಅವರದೇ. ಅವರು ಅತ್ತ ಹೋಗುತ್ತಿದ್ದಂತೆ ಜನ ನುಗ್ಗಿದರು ನೋಡಿ! ನೋಟ್‌ಪುಸ್ತಕ, ಪುಸ್ತಕಕ್ಕೆ ಹೊದಿಸುವ ಕಂದುಬಣ್ಣದ ಕಾಗದ, ಲೇಬಲ್ಲು, ಜಾಮಿಟ್ರಿ ಬಾಕ್ಸು. ಮಧ್ಯಾಹ್ನದ ಊಟಕ್ಕೂ ಹೋಗಲಾಗಲಿಲ್ಲ. ಅವತ್ತು ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನವೆಂಬುದು ನನ್ನಂಥ ವೈಜ್ಞಾನಿಕ ಮನುಷ್ಯನಿಗೆ ಹೊಳೆಯಲೇ ಇಲ್ಲ. ನನಗೆ ಕಂಡದ್ದು ಹೆಡ್‌ಮಾಸ್ತರ ಕೈಗುಣ ಮಾತ್ರ.

ಕೈಗುಣದ ಬಗ್ಗೆ ನಮ್ಮವರು ಸಾಕಷ್ಟು ಯೋಚನೆ ಮಾಡಿದ್ದಾರೆ. ಒಬ್ಬರು ನೆಟ್ಟ ಕರಿಬೇವು ಚಿಗುರುತ್ತದೆ, ಇನ್ನೊಬ್ಬರು ಅದೇ ಮಣ್ಣಿನಲ್ಲಿ ನೆಟ್ಟದ್ದು ಒಣಗುತ್ತದೆ. ಡಾಕ್ಟರು ಕೊಡುವ ಮಾತ್ರೆ ಎಲ್ಲ ಕಡೆಯೂ ಒಂದೇ, ಗುಣವಾಗುವುದು ಮಾತ್ರ ಕೈಗುಣವಿದ್ದವರ ಹತ್ತಿರ. ಬಳೇಪೇಟೆಯ ಸಗಟು ವ್ಯಾಪಾರಿಯೂ ಮೊದಲ ಗಿರಾಕಿಯ ನೋಟನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದ. ಲೋಲಕದ ಸೂತ್ರವನ್ನು ಬಾಯಿಪಾಠ ಹೇಳಬಲ್ಲ ನಾನು ಇದನ್ನೆಲ್ಲ ಮೂಢನಂಬಿಕೆಯೆಂದು ಜರೆಯುತ್ತಿದ್ದೆ. ಸ್ಟೂಲಿನ ನೆನಪಾದ ಮೇಲೆ ಜರೆಯುವುದನ್ನು ಸ್ವಲ್ಪ ಕಾಲ ಮುಂದಕ್ಕೆ ಹಾಕಿದೆ.

ಹೆಡ್‌ಮಾಸ್ತರು ದಿನವೂ ಬರತೊಡಗಿದರು, ದಿನವೂ ಒಂದೇ ಪೆನ್ಸಿಲು. ಅಷ್ಟು ಪೆನ್ಸಿಲು ಅವರಿಗೇಕೆಂದು ನಾನು ಕೇಳಲಿಲ್ಲ. ಬೋಣಿ ಅವರಿಂದಲೇ ಆಗಬೇಕೆಂದು ಹಟ ಹಿಡಿದು, ಅವರಿಗಿಂತ ಮುಂಚೆ ಬಂದವರಿಗೆಲ್ಲ ಸಾಮಾನು ಹುಡುಕುವ ನಾಟಕ ಶುರು ಮಾಡಿದೆ. ಏಣಿ ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಕಣ್ಣೆದುರಿಗಿದ್ದ ರಬ್ಬರನ್ನು ಅಟ್ಟದ ಮೇಲೆ ಹುಡುಕುತ್ತಿದ್ದೆ. ಶಾಲೆಯ ಗಂಟೆ ಹೊಡೆಯುವ ಮುಂಚೆ ಓಡೋಡಿ ಬರುವ ಮಕ್ಕಳೇ ಸ್ಟೇಷನರಿ ಅಂಗಡಿಯ ಜೀವಾಳ. ಅವರನ್ನೇ ಸಾಲಾಗಿ ನಿಲ್ಲಿಸಿಕೊಂಡು ನಾನು ರಸ್ತೆಯ ತುದಿಯಲ್ಲಿ ಮಫ್ಲರ್ ಕಾಣುತ್ತದೆಯೇ ಎಂದು ಇಣುಕುತ್ತಿದ್ದೆ.

ಎರಡು ಜಡೆಯ ಹುಡುಗಿಯೊಬ್ಬಳು ಗ್ರಾಫ್ ಶೀಟಿಗೆ ಕಾದು ಕಾದು, "ಅಂಕಲ್, ಅಂಗಡಿ ತೆಗ್ದಿದೀರೋ, ಇಲ್ಲ ಬರೀ ಧೂಳು ಹೊಡೀತಿದೀರೋ?" ಎಂದು ಕೇಳಿದಳು. ನಾನು "ಒಂದೈದು ನಿಮಿಷ ಪುಟ್ಟಿ" ಎಂದೆ. ಅವಳು ಎದುರುಗಡೆ ಹೊಸದಾಗಿ ತೆರೆದಿದ್ದ ಅಂಗಡಿಗೆ ಹೋದಳು. ಅವಳ ಹಿಂದೆ ಉಳಿದವರೂ ಹೋದರು.

ಆಮೇಲೆ ಹೆಡ್‌ಮಾಸ್ತರು ಬರುವುದೇ ನಿಂತುಹೋಯಿತು. ಅವರಿಲ್ಲದೆ ಬೋಣಿಯಿಲ್ಲ, ಬೋಣಿಯಿಲ್ಲದೆ ವ್ಯಾಪಾರವಿಲ್ಲ. ವಾರವಾಗುವಷ್ಟರಲ್ಲಿ ನನ್ನ ಅಂಗಡಿಯ ಮುಂದೆ ನಿಲ್ಲುತ್ತಿದ್ದುದು ಹಸು ಮಾತ್ರ. ತಿಂಡಿಯ ಡಬ್ಬಿ ತಂದ ವಿಮಲ ಖಾಲಿ ಅಂಗಡಿಯನ್ನೂ ತುಂಬಿದ ಎದುರಂಗಡಿಯನ್ನೂ ನೋಡಿ ವಿಚಾರಿಸಿದಳು. ನಾನು ಕೈಗುಣದ ವಿಷಯ ಬಾಯಿಬಿಟ್ಟೆ. ಅವಳು ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. "ರೀ, ರಾಹುಕಾಲದಲ್ಲಿ ಅಂಗಡಿ ತೆಗ್ದೋರು ನೀವೇ ಅಲ್ವಾ?" ಎಂದಳು. "ಪೀಣ್ಯಕ್ಕೆ ಬಸ್ ಎಲ್ಲಿ ಸಿಗತ್ತೆ ಅಂತ ಭಾವನ್ನೇ ಕೇಳಿಟ್ಕೊಳ್ಲಾ?"

ಅವಳನ್ನು ಅಂಗಡಿಯಲ್ಲಿ ಕೂರಿಸಿ ಹೆಡ್‌ಮಾಸ್ತರ ಮನೆಗೆ ಓಡಿದೆ. ಅವರು ಪ್ಲಾಸ್ಟರ್ ಹಾಕಿದ್ದ ಪಾದವನ್ನು ದಿಂಬಿನ ಮೇಲಿಟ್ಟುಕೊಂಡು, ಪೇಪರಿನ ಪದಬಂಧದ ಎದುರು ಸಪ್ಪೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ದೊಡ್ಡ ಹಾರ್ಲಿಕ್ಸ್ ಬಾಟಲಿಯ ತುಂಬ ನನ್ನ ಪೆನ್ಸಿಲುಗಳು. ಹೆಚ್ಚಿನವಕ್ಕೆ ಮೊನೆಯನ್ನೇ ಮಾಡಿರಲಿಲ್ಲ.

"ಬನ್ನಿ ಬನ್ನಿ, ನಿಮ್ಮನ್ನೇ ನೆನೀತಿದ್ದೆ" ಎಂದರು. "ಮೊದಲ್ನೇ ದಿನ ನಿಮ್ಮ ಪೆನ್ಸಿಲ್ ತಗೊಂಡ್ನಲ್ಲ, ಅವತ್ತು ಪದಬಂಧ ಪೂರ್ತಿ ಆಗೋಯ್ತು ಕಣ್ರೀ! ನನ್ನ ಜನ್ಮದಲ್ಲಿ ಆಗಿರ್ಲಿಲ್ಲ. ನಿಮ್ಮ ಕೈಗುಣ ಬಹಳ ದೊಡ್ಡದು. ಅದಕ್ಕೇ ದಿನಾ ಹೊಸಾದು ತಗೊಳ್ಳೋದು."

ನನ್ನ ಕೈಗುಣ! "ಆಮೇಲೂ ದಿನಾ ಪೂರ್ತಿ ಆಗ್ತಿತ್ತಾ ಸಾರ್?" ಎಂದೆ.

"ಎಲ್ಲಿ ಆಗತ್ತೆ, ಒಂದ್ಸಲಾನೂ ಆಗ್ಲಿಲ್ಲ. ಆದ್ರೆ ಪೆನ್ಸಿಲ್ ತಗೊಳ್ದೇ ಇದ್ದಿದ್ರೆ ಇನ್ನೂ ಜಾಸ್ತಿ ಮನೆ ಖಾಲಿ ಉಳೀತಿತ್ತೋ ಏನೋ, ಯಾರು ಕಂಡೋರು!"

ಇಷ್ಟು ದೊಡ್ಡ ಮಾಸ್ತರು ಇಷ್ಟು ಪೆದ್ದರೇ ಎಂದು ನನಗೆ ನಗು ಬಂತು. ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ನಗು ನಿಂತಿತು. ಅವರಾದರೂ ನಂಬಿಕೆಗೆ ದಿನಕ್ಕೊಂದು ಪೆನ್ಸಿಲಿನ ಬೆಲೆ ಕೊಟ್ಟಿದ್ದರು, ನಾನು ಇಡೀ ಅಂಗಡಿಯನ್ನೇ ಕೊಡಲು ಹೊರಟಿದ್ದೆ.

ವಾಪಸು ಬಂದರೆ ವಿಮಲ ಆಗಲೇ ಯಾರಿಗೋ ಅಂಟಿಸುವ ಟೇಪು ಮಾರಿ ಚಿಲ್ಲರೆ ಕೊಡುತ್ತಿದ್ದಳು. ಮರುದಿನದಿಂದ ಮೊದಲು ಬಂದವರದೇ ಬೋಣಿ. ಗ್ರಾಫ್ ಶೀಟಿನ ಹುಡುಗಿಯನ್ನು ಎದುರಂಗಡಿಯಿಂದ ವಾಪಸು ಕರೆತರಲು ಒಂದು ಮಳೆಗಾಲವೇ ಹಿಡಿಯಿತು. ಅವಳು ಬಂದಳು, ಅವಳ ಹಿಂದೆ ಉಳಿದವರೂ ಬಂದರು. ಸ್ಟೂಲಿನ ಮೇಲೆ ಷಡ್ಡಕರು ಕೊನೆಗೆ ಫ್ಯಾಕ್ಸ್ ಮಿಷನ್ನು ಇಟ್ಟರಂತೆ.

ಹೆಡ್‌ಮಾಸ್ತರ ಪಾದ ವಾಸಿಯಾಗಿ ಅವರು ಮತ್ತೆ ಬಂದ ಬೆಳಿಗ್ಗೆ ಕೌಂಟರಿನ ಮುಂದೆ ಮಕ್ಕಳ ದಂಡೇ ಇತ್ತು. ಗಲ್ಲಾಪೆಟ್ಟಿಗೆ ಆಗಲೇ ಗಲಗಲ ಎನ್ನುತ್ತಿತ್ತು. ಅವರು ಮಫ್ಲರ್ ಸಡಿಲಿಸಿ, ಆತಂಕದಿಂದ ಒಳಗೆ ಬಗ್ಗಿ ನೋಡಿ, "ತಡ ಆಗೋಯ್ತೇನೋ. ಬೋಣಿ ಆಯ್ತಾ?" ಎಂದರು.

"ಇಲ್ಲ ಸಾರ್, ನಿಮಗೇ ಕಾಯ್ತಿದ್ದೆ" ಎಂದು ಪೆನ್ಸಿಲು ಕೊಟ್ಟೆ. ಆಗತಾನೇ ಕೊಂಡ ಗ್ರಾಫ್ ಶೀಟನ್ನು ಎರಡು ಜಡೆಯ ಹುಡುಗಿ ಸದ್ದಿಲ್ಲದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.